ತಾರೀಖಿಲ್ಲದ ಪತ್ರಗಳ ಡ್ರಾಯರ್

ರಾಜೀನಾಮೆ ಎಂಬ ಪದವನ್ನು ಬಿಡಿಸಿ ನೋಡಿದರೆ ಅದರೊಳಗೆ ರಾಜಿಯೂ ಇದೆ, ನಾಮವೂ ಇದೆ. ಸಿಬ್ಬಂದಿ ವಿಭಾಗದ ಕುರ್ಚಿಯಲ್ಲಿ ಕೂತವರು ಸಾಮಾನ್ಯವಾಗಿ ಎರಡನೆಯದನ್ನು ಬೇಗ ಕಲಿಯುತ್ತಾರೆ. ಮೊದಲನೆಯದನ್ನು ಕಲಿತು, ಅದನ್ನೇ ಒಂದು ವಿದ್ಯೆಯಾಗಿ ಬೆಳೆಸಿ, ಮೂವತ್ತೊಂದು ವರ್ಷ ಒಂದೇ ಮೇಜಿನ ಹಿಂದೆ ಕೂತು ನಡೆಸಿಕೊಂಡು ಬಂದವರು ಅಪರೂಪ. ಕನ್ನಡಕದ ಗಾಜು ತಯಾರಿಸುವ ನಮ್ಮ ಕಾರ್ಖಾನೆಯ ಸಿಬ್ಬಂದಿ ಅಧಿಕಾರಿಗಳಾಗಿ ಈ ತಿಂಗಳು ನಿವೃತ್ತರಾಗುತ್ತಿರುವ, ಕಾಗದಪತ್ರದಲ್ಲಿ ಏನೇ ಹೆಸರಿದ್ದರೂ ಗೇಟಿನಿಂದ ಗೋದಾಮಿನವರೆಗೆ ಎಲ್ಲರ ಬಾಯಲ್ಲಿ ‘ಡ್ರಾಯರ್ ಮೇಡಂ’ ಆಗಿಯೇ ಉಳಿದಿರುವ ಹಿರಿಯರು ಅಂಥ ಅಪರೂಪದವರು. ಗಾಜಿನ ದಪ್ಪವನ್ನು ಕೂದಲೆಳೆಯ ಲೆಕ್ಕದಲ್ಲಿ ಅಳೆಯುವ ಈ ಜಾಗದಲ್ಲಿ ಅವರು ಇನ್ನೊಂದನ್ನು ಅಳೆದರು: ‘ಕೆಲಸ ಬಿಡ್ತೀನಿ’ ಎಂಬ ಮಾತಿಗೂ ಗೇಟು ದಾಟಿ ಹೋಗುವ ಕಾಲಿಗೂ ನಡುವೆ ಇರುವ ದೂರವನ್ನು.

ಅಭಿನಂದನೆಯ ಬರಹಕ್ಕೆ ಸ್ವಲ್ಪ ಒಗ್ಗರಣೆ ಹಾಕುವುದು ವಾಡಿಕೆ. ಇಲ್ಲಿ ಅದರ ಅಗತ್ಯ ಬೀಳಲಿಲ್ಲ. ಮುಂದೆ ಬರುವುದೆಲ್ಲ ನಡೆದದ್ದು; ಅನುಮಾನವಿದ್ದವರಿಗೆ ಅವರ ನೀಲಿ ರಟ್ಟಿನ ನೋಟ್‌ಬುಕ್ ಸಾಕ್ಷಿ.

ಮೇಡಂ ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ ಅವರಿಗೆ ಡ್ರಾಯರೂ ಇರಲಿಲ್ಲ, ಆ ಹೆಸರೂ ಇರಲಿಲ್ಲ. ಇದ್ದದ್ದು ಹೊಸ ಕೆಲಸದ ಹುರುಪು. ಒಂದು ಬೆಳಿಗ್ಗೆ ಹತ್ತು ಗಂಟೆಗೆ ಹೊಳಪು ವಿಭಾಗದ ಕೆಲಸಗಾರನೊಬ್ಬ, ತೋಳಿನ ತುಂಬ ಕೆಂಪು ಪುಡಿಯ ರಾಡಿ ಮೆತ್ತಿಕೊಂಡೇ ಬಂದು, ಮೇಸ್ತ್ರಿಯ ಮೇಲಿನ ಸಿಟ್ಟಿಗೆ ನಾಲ್ಕು ಸಾಲಿನ ರಾಜೀನಾಮೆ ಬರೆದು ಮೇಜಿನ ಮೇಲೆ ಕುಕ್ಕಿ ಹೋದ. ಮೇಡಂ ಅವರು ಅದನ್ನು ಹನ್ನೊಂದಕ್ಕೆಲ್ಲ ಮೇಲಕ್ಕೆ ಕಳಿಸಿದರು. ಮೂರಕ್ಕೆ ಅದು ಅಂಗೀಕಾರವಾಗಿ ಬಂತು. ಇಷ್ಟು ಚುರುಕಾಗಿ ಒಂದು ಕಡತ ಓಡಿದ್ದನ್ನು ಕಂಡು ಅಂದಿನ ಮ್ಯಾನೇಜರರು ಅವರನ್ನು ಹೊಗಳಿಯೂ ಹೊಗಳಿದರು. ಮರುದಿನ ಬೆಳಿಗ್ಗೆ ಆ ಮನುಷ್ಯ ಎಂದಿನಂತೆ ಊಟದ ಡಬ್ಬಿ ಹಿಡಿದು ಕೆಲಸಕ್ಕೆ ಬಂದ. ಗೇಟಿನವನು ಒಳಗೆ ಬಿಡಲಿಲ್ಲ.

“ನಿನ್ನೆ ಸಿಟ್ಟು ಬಂದಿತ್ತು ಮೇಡಂ, ಬರೆದೆ. ಬರೆದ ತಕ್ಷಣ ಸಿಟ್ಟು ಇಳೀತು. ಇಳಿದ ಮೇಲೆ ಪತ್ರ ಇನ್ಯಾಕೆ ಅಂತ ನೀವೇ ಹರಿದು ಹಾಕಿರ್ತೀರಿ ಅಂದ್ಕೊಂಡೆ,” ಎಂದು ಅವನು ಗೇಟಿನ ಸರಳಿನಾಚೆ ನಿಂತು ಹೇಳಿದ ಮಾತು ಅವರಿಗೆ ಇಂದಿಗೂ ನೆನಪಿದೆ. ಅಂಗೀಕಾರವಾದದ್ದನ್ನು ತಿರುಗಿಸಲು ಆಗಲಿಲ್ಲ. ಅವನಿಗೆ ಬೇರೆಡೆ ಕೆಲಸ ಸಿಗುವವರೆಗೆ ಮೇಡಂ ಅವರಿಗೆ ಊಟ ರುಚಿಸಲಿಲ್ಲ. ಸಿಕ್ಕಿತು ಎಂದು ತಿಳಿದ ದಿನ ಬಡಗಿಯನ್ನು ಕರೆಸಿ ತಮ್ಮ ಮೇಜಿಗೆ ಕೆಳಗಡೆ ಒಂದು ದೊಡ್ಡ ಡ್ರಾಯರ್ ಮಾಡಿಸಿಕೊಂಡರು.

ಅಲ್ಲಿಂದಾಚೆಗೆ ನಡೆದದ್ದು ಒಂದು ಪದ್ಧತಿ. ಯಾರೇ ರಾಜೀನಾಮೆ ತರಲಿ, ಎದುರಿನ ಸ್ಟೂಲಿನ ಮೇಲೆ ಕೂರಿಸುವುದು, ಒಂದು ಲೋಟ ನೀರು ಕೊಡುವುದು, ಪತ್ರವನ್ನು ಮರ್ಯಾದೆಯಿಂದ ಎರಡು ಕೈಯಲ್ಲಿ ತೆಗೆದುಕೊಂಡು ಒಂದೇ ಪ್ರಶ್ನೆ ಕೇಳುವುದು: “ಈ ಪತ್ರ ಯಾರ ಬಗ್ಗೆ?” ಯಾಕೆ ಬಿಡುತ್ತೀರಿ ಎಂದು ಅವರು ಯಾರನ್ನೂ ಕೇಳಿದವರಲ್ಲ. ಯಾಕೆ ಎಂದರೆ ಜನ ವೈಯಕ್ತಿಕ ಕಾರಣ ಎನ್ನುತ್ತಾರೆ. ಯಾರ ಬಗ್ಗೆ ಎಂದರೆ ನಿಜ ಹೇಳುತ್ತಾರೆ. ಎಲ್ಲ ಕೇಳಿಸಿಕೊಂಡ ಮೇಲೆ, “ತಾರೀಖು ಹಾಕಬೇಡಿ, ಖಾಲಿ ಬಿಡಿ. ನಾಳೆ ಊಟ ಆದ್ಮೇಲೆ ಬನ್ನಿ. ಆಗಲೂ ಬೇಕು ಅನ್ನಿಸಿದ್ರೆ ಇಬ್ಬರೂ ಸೇರಿ ತಾರೀಖು ಹಾಕೋಣ,” ಎಂದು ಪತ್ರವನ್ನು ಕೆಳಗಿನ ಡ್ರಾಯರಿಗೆ ಸೇರಿಸುತ್ತಿದ್ದರು. ಹಸಿದ ಹೊಟ್ಟೆಯಲ್ಲಿ ಯಾರೂ ದೊಡ್ಡ ನಿರ್ಧಾರ ಮಾಡಬಾರದು ಎಂಬುದು ಅವರ ಆಡಳಿತಶಾಸ್ತ್ರದ ಮೊದಲ ಸೂತ್ರ.

ಉಜ್ಜುವ ವಿಭಾಗದ ಅಕ್ಕ ಈ ಸ್ಟೂಲಿನ ಖಾಯಂ ಗಿರಾಕಿ. ಗಾಜು ಉಜ್ಜುವ ಯಂತ್ರದ ಸದ್ದಿಗಿಂತ ಒಂದು ಪಟ್ಟು ಎತ್ತರದ ಗಂಟಲು ಅವರದು. “ನಾಳೆಯಿಂದ ಬರಲ್ಲ, ನನ್ನ ಯಂತ್ರಕ್ಕೆ ನೀವೇ ಹೂಮಾಲೆ ಹಾಕ್ಕೊಳ್ಳಿ” ಎಂದು ಅವರು ದಿನಕ್ಕೊಮ್ಮೆಯಾದರೂ ಸಾರುತ್ತಿದ್ದರು. ಆ ಪತ್ರ ಯಾರ ಬಗ್ಗೆ ಎಂದು ಮೇಡಂ ಅವರು ಕೇಳಿದಾಗ ಗೊತ್ತಾದದ್ದು, ಅದು ಮನುಷ್ಯರ ಬಗ್ಗೆ ಅಲ್ಲವೇ ಅಲ್ಲ, ಬಸ್ಸಿನ ಬಗ್ಗೆ. ಪಾಳಿ ಮುಗಿಯುವ ಗಂಟೆ ಹೊಡೆಯುವ ಹತ್ತು ನಿಮಿಷ ಮೊದಲೇ ಅವರ ಬಡಾವಣೆಯ ಬಸ್ಸು ಹೊರಟುಬಿಡುತ್ತಿತ್ತು. ಮುಂದಿನ ಬಸ್ಸು ಮುಕ್ಕಾಲು ಗಂಟೆಯ ನಂತರ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಶಾಲೆಯಿಂದ ಬಂದು ಬಾಗಿಲ ಮೆಟ್ಟಿಲ ಮೇಲೆ ಕೂರುವ ಇಬ್ಬರು ಮಕ್ಕಳು. ಮೇಡಂ ಅವರು ನಾಲ್ಕು ತಿಂಗಳು ಒಂದೇ ಸಮನೆ ಬೆನ್ನು ಹತ್ತಿ ಕಾರ್ಖಾನೆಯ ಗಂಟೆಯೇ ಬೆಳಿಗ್ಗೆಯಿಂದ ಸಂಜೆಯವರೆಗೆ ಹದಿನೈದು ನಿಮಿಷ ಮೊದಲು ಹೊಡೆಯುವಂತೆ ಮಾಡಿದರು. ಅಕ್ಕನ ಬಸ್ಸು ಸಿಕ್ಕಿತು. ‘ನಾಳೆಯಿಂದ ಬರಲ್ಲ’ ಮಾತ್ರ ನಿಲ್ಲಲಿಲ್ಲ. “ಅದು ಅಭ್ಯಾಸ ಮೇಡಂ, ನೀವು ಮನಸ್ಸಿಗೆ ಹಚ್ಕೋಬೇಡಿ,” ಎಂದರಂತೆ.

ಆ ಸ್ಟೂಲಿನ ಇನ್ನೊಬ್ಬ ಗಿರಾಕಿ ತಪಾಸಣೆ ವಿಭಾಗದ ‘ಗಿಳಿರಾಯ’. ಬಿ.ಎ. ಓದಿ ಬಂದು, ದೀಪದೆದುರು ಗಾಜು ಹಿಡಿದು ಗೀರು ಹುಡುಕುವ ಕೆಲಸಕ್ಕೆ ನಿಂತ ಈ ಮಹಾಶಯ ಗಾಜಿಗಿಂತ ಹೆಚ್ಚಾಗಿ ಜನರ ಗಂಟಲನ್ನು ತಪಾಸಣೆ ಮಾಡುತ್ತಿದ್ದ. ಯಾರ ಧ್ವನಿಯನ್ನಾದರೂ ಮೂರು ದಿನ ಕೇಳಿದರೆ ನಾಲ್ಕನೆಯ ದಿನ ಅದು ಅವನ ಬಾಯಿಂದ ಬರುತ್ತಿತ್ತು. ಇವನು ಕೊಟ್ಟ ಹದಿನೇಳು ರಾಜೀನಾಮೆಗಳು ಡ್ರಾಯರಿನಲ್ಲಿವೆ. ಅವುಗಳಲ್ಲಿ ಎರಡು ಪದ್ಯರೂಪದಲ್ಲಿವೆ.

ಡ್ರಾಯರಿನ ಜೊತೆಗೇ ಹುಟ್ಟಿದ್ದು ನೋಟ್‌ಬುಕ್. ‘ಬಿಡ್ತೀನಿ’ ಎಂದು ಯಾರು ಹೇಳಿದರು, ಯಾವಾಗ ಹೇಳಿದರು, ಯಾವ ಮಾತಿನಲ್ಲಿ ಹೇಳಿದರು, ಒಂದು ವರ್ಷದ ಮೇಲೆ ಎಲ್ಲಿದ್ದಾರೆ ಎಂದು ನಾಲ್ಕು ಕಾಲಂ. ಕೊನೆಯ ಕಾಲಮಿನಲ್ಲಿ ‘ಇಲ್ಲೇ’ ಎಂಬ ಪದ ಎಷ್ಟು ಸಲ ಬಂತೆಂದರೆ ಕೆಲವು ವರ್ಷ ಕಳೆದ ಮೇಲೆ ಅವರು ಅದನ್ನು ಬರೆಯುವುದನ್ನೇ ಬಿಟ್ಟು ಒಂದು ಚುಕ್ಕಿ ಇಡತೊಡಗಿದರು. ಹೇಳುವವರು ಹೋಗುವುದಿಲ್ಲ ಎಂಬ ಸಮಾಧಾನದಲ್ಲಿ ಅವರು ಇದ್ದರು. ಹನ್ನೆರಡನೆಯ ವರ್ಷದಲ್ಲಿ ಆ ಸಮಾಧಾನಕ್ಕೆ ಏಟು ಬಿತ್ತು.

ಗಾಜಿನ ಮೇಲೆ ಮಧ್ಯಬಿಂದುವಿನ ಗುರುತು ಹಾಕುವ ಮೇಜಿನಲ್ಲಿ ಒಬ್ಬರು ಕೆಲಸ ಮಾಡುತ್ತಿದ್ದರು. ಕಣ್ಣಳತೆಯಲ್ಲಿ ಯಂತ್ರವನ್ನೇ ಮೀರಿಸುವವರು. ಮಾತು ಬಹಳ ಕಡಿಮೆ. ಒಂದು ದಿನ ಅವರು ಬರಲಿಲ್ಲ. ಮರುದಿನ ಅಂಚೆಯಲ್ಲಿ ಪತ್ರ ಬಂತು, ತಾರೀಖು ಹಾಕಿಯೇ. ಮೇಡಂ ಅವರು ಕ್ಯಾಂಟೀನಿಗೆ ಹೋಗಿ, ಕೆಲಸಗಾರರೆಲ್ಲ ಹೆಸರು ಬರೆದು ತಮ್ಮ ತಮ್ಮ ಟೀ ಲೋಟ ಇಡುವ ಕಪಾಟು ನೋಡಿದರು. ಅವರ ಹೆಸರು ಬರೆದ ಜಾಗದಲ್ಲಿ ಲೋಟ ಇರಲಿಲ್ಲ; ಅಲ್ಲಿ ಮೂರು ವಾರದ ಧೂಳಿತ್ತು. ಮೂರು ವಾರದಿಂದ ಆ ಮನುಷ್ಯ ಮನೆಗೆ ಒಯ್ದ ಲೋಟವನ್ನು ವಾಪಸು ತಂದಿರಲಿಲ್ಲ, ಮತ್ತು ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮೇಡಂ ಅವರು ವಿಳಾಸ ಹುಡುಕಿಕೊಂಡು ಅವರ ಮನೆಗೆ ಹೋದರು. ತಪ್ಪು ಹುಡುಕಲು ಹೋದದ್ದಲ್ಲ, ತಮ್ಮ ತಪ್ಪು ತಿಳಿಯಲು ಹೋದದ್ದು.

“ಒಂದು ಮಾತು ಹೇಳಬಹುದಿತ್ತಲ್ಲ?” ಎಂದು ಕೇಳಿದರು.

“ನೀವು ಯಾವತ್ತೂ ಕೇಳ್ಲಿಲ್ವಲ್ಲ ಮೇಡಂ. ಸ್ಟೂಲಿನ ಮೇಲೆ ಕೂತು ಕೂಗಾಡಿದವರನ್ನೇ ಕೇಳ್ತಿದ್ರಿ,” ಎಂದರು ಆತ, ಕಹಿಯೇನೂ ಇಲ್ಲದೆ. ಆಮೇಲೆ ಸ್ವಲ್ಪ ನಕ್ಕು ಹೇಳಿದರು: “ಬಿಡೋ ಯೋಚನೆ ನಂಗೆ ಇರಲೇ ಇಲ್ಲ. ಪಕ್ಕದಲ್ಲಿ ಗಿಳಿರಾಯ ಕೂರ್ತಿದ್ದನಲ್ಲ, ದಿನಾ ಬಿಡ್ತೀನಿ ಬಿಡ್ತೀನಿ ಅಂತಿದ್ದ. ಕೇಳಿ ಕೇಳಿ ಒಂದಿನ ಅನ್ನಿಸ್ತು, ಹೌದಲ್ವಾ, ಬಿಡಬಹುದಲ್ವಾ ಅಂತ. ಅವನಿನ್ನೂ ಅಲ್ಲೇ ಇದ್ದಾನಾ?”

ಇದ್ದ. ಹಿಂದಿನ ವಾರವಷ್ಟೇ ಹತ್ತನೆಯ ಪತ್ರ ಕೊಟ್ಟು ಮರುದಿನ ಊಟ ಮುಗಿಸಿ ಎಂದಿನಂತೆ ಮರೆತಿದ್ದ.

ಅಂದು ಮನೆಗೆ ಬಂದ ಮೇಡಂ ಅವರು ನೋಟ್‌ಬುಕ್ಕನ್ನು ಮೊದಲಿನಿಂದ ಮತ್ತೆ ಓದಿದರು, ಈ ಸಲ ಮೇಜು ಮೇಜಾಗಿ. ಒಂದು ವಿಭಾಗದಲ್ಲಿ ‘ಬಿಡ್ತೀನಿ’ ಹೆಚ್ಚಾದ ವರ್ಷ ಆ ವಿಭಾಗದಿಂದ ಹೋಗುವವರೂ ಹೆಚ್ಚುತ್ತಿದ್ದರು. ಆದರೆ ಹೋಗುತ್ತಿದ್ದವರು ಹೇಳಿದವರಲ್ಲ. ಹೇಳಿದವನು ಉಳಿಯುತ್ತಿದ್ದ, ಪಕ್ಕದಲ್ಲಿ ಕೂತು ಕೇಳಿಸಿಕೊಂಡವನು ಹೋಗುತ್ತಿದ್ದ. ಸಂಶೋಧಕರು ಸಾವಿರ ಪ್ರಶ್ನಾವಳಿ ಹಂಚಿ ಹುಡುಕುವಂಥದ್ದನ್ನು ಅವರು ಒಂದೇ ಸಾಲಿನಲ್ಲಿ ಅಂಚಿಗೆ ಬರೆದಿಟ್ಟರು: ‘ಮಾತು ಸುಳ್ಳಲ್ಲ, ವಿಳಾಸ ಮಾತ್ರ ತಪ್ಪು.’ ಮಾರನೆಯ ದಿನದಿಂದ ಅವರು ದಿನಕ್ಕೊಮ್ಮೆ ಲೋಟಗಳ ಕಪಾಟಿನ ಮುಂದೆ ನಿಲ್ಲತೊಡಗಿದರು. ಜಗಳವಾಡುವುದನ್ನು ಬಿಟ್ಟವರು ಯಾರು, ಕ್ಯಾಂಟೀನಿನ ಕಿರುಗುಟ್ಟುವ ಫ್ಯಾನಿನ ಬಗ್ಗೆ ದೂರುವುದನ್ನು ನಿಲ್ಲಿಸಿದವರು ಯಾರು ಎಂದು ಕಿವಿ ಕೊಡತೊಡಗಿದರು. ಆ ಫ್ಯಾನಿನ ಬಗ್ಗೆ ದೂರುವವರ ಪಟ್ಟಿಯಲ್ಲಿ ಮೊದಲ ಹೆಸರು ಮೇಡಂ ಅವರದೇ. ದೂರುವುದೆಂದರೆ ಇಲ್ಲಿ ಇನ್ನೂ ಏನೋ ಸರಿಹೋಗಬಹುದು ಎಂಬ ನಂಬಿಕೆ. ಆ ನಂಬಿಕೆ ಹೋದವರು ಸುಮ್ಮನಾಗುತ್ತಾರೆ.

ಈ ಜ್ಞಾನಕ್ಕೆ ನಿಜವಾದ ಪರೀಕ್ಷೆ ಬಂದದ್ದು ಅವರ ಇಪ್ಪತ್ತನೆಯ ವರ್ಷದಲ್ಲಿ. ಹೊಸ ಮ್ಯಾನೇಜರರು ಬಂದು ಎಂಟು ತಿಂಗಳಾಗಿತ್ತು. ಈ ಅಭಿನಂದನ ಸಂಪುಟದ ಸಮಿತಿಗೆ ಇಂದು ಅಧ್ಯಕ್ಷರಾಗಿರುವವರೂ ಅವರೇ. ಅವರ ಅನುಮತಿಯಿಂದಲೇ ಇದನ್ನು ಬರೆಯಲಾಗಿದೆ. ಪ್ರಾಮಾಣಿಕರು, ಕೆಲಸದ ಮೇಲೆ ಜೀವ ಇಟ್ಟವರು, ಅಷ್ಟೇ ಬೇಗ ತಾಳ್ಮೆ ಕಳೆದುಕೊಳ್ಳುವವರು. ಆ ಎಂಟು ತಿಂಗಳಲ್ಲಿ ಹನ್ನೊಂದು ಜನ ಕೈಬಿಟ್ಟು ಹೋಗಿ ಗಾಜು ಹೊತ್ತಿಗೆ ಸರಿಯಾಗಿ ಹೊರಬೀಳದೆ ಅವರು ಕಂಗೆಟ್ಟಿದ್ದರು. ಒಂದು ಗುರುವಾರ ಮೇಡಂ ಅವರನ್ನು ಕರೆಸಿ ಹೇಳಿದರು: “ಯಾರು ಯಾರು ಬಾಯಿಬಿಟ್ಟು ಬಿಡ್ತೀನಿ ಅಂದಿದ್ದಾರೋ ಅವರೆಲ್ಲರ ಪಟ್ಟಿ ಕೊಡಿ. ಹೇಗೂ ಹೋಗೋರು. ಅವರು ನಮ್ಮನ್ನ ನಡುನೀರಲ್ಲಿ ಬಿಡೋ ಮುಂಚೆ ನಾವೇ ಕಳಿಸಿ, ಹೊಸಬರನ್ನ ತಂದು ಕೂರಿಸೋಣ. ಸೋಮವಾರ ಸಹಿ ಹಾಕ್ತೀನಿ.”

ಪಟ್ಟಿಯಲ್ಲಿ ಇಪ್ಪತ್ತಾರು ಹೆಸರು ಬರುತ್ತಿತ್ತು. ಮೂರನೆಯದು ಉಜ್ಜುವ ವಿಭಾಗದ ಅಕ್ಕನದು. ಹತ್ತೊಂಬತ್ತು ವರ್ಷ ಜನ ನಂಬಿ ಆಡಿದ ಮಾತುಗಳೇ ಈಗ ಅವರ ಕೊರಳಿಗೆ ಬರುತ್ತಿದ್ದವು, ಅದೂ ಮೇಡಂ ಅವರದೇ ಕೈಬರಹದಲ್ಲಿ. ಮೇಡಂ ಅವರು ಶುಕ್ರವಾರ ಇಡೀ ದಿನ ನೋಟ್‌ಬುಕ್ ಮುಂದಿಟ್ಟುಕೊಂಡು ಕೂತರು. ಶನಿವಾರ ಗಿಳಿರಾಯನನ್ನು ಕರೆದು ಒಂದು ಹಾಳೆ ಕೊಟ್ಟರು. ಅದರಲ್ಲಿ ಹೆಸರುಗಳಿರಲಿಲ್ಲ, ಇಪ್ಪತ್ತಾರು ಜನ ಆಡಿದ ಮಾತುಗಳಿದ್ದವು. ಕೊನೆಯಲ್ಲಿ ಇಪ್ಪತ್ತೇಳನೆಯದೊಂದು ಇತ್ತು. ಸೋಮವಾರ ಮ್ಯಾನೇಜರರ ಮುಂದೆ ಎಲ್ಲವನ್ನೂ ಅವರವರ ಧ್ವನಿಯಲ್ಲೇ ಓದಬೇಕು ಎಂದರು.

ಗಿಳಿರಾಯ ಅದನ್ನು ಓದಿ ಸ್ಟೂಲಿನ ಮೇಲೆ ಕೂತುಬಿಟ್ಟ. “ಮೇಡಂ, ಇದನ್ನ ಓದಿದ್ರೆ ನನ್ನ ಹದಿನೆಂಟನೇ ಪತ್ರ ನಾನು ಬರೆಯೋ ಹಾಗಿಲ್ಲ. ಅವರೇ ಬರ್ಕೊಡ್ತಾರೆ.”

“ಬರ್ಕೊಟ್ರೆ ಅದರ ಪಕ್ಕದಲ್ಲಿ ನಂದೂ ಒಂದು ಇರುತ್ತೆ. ನಾನು ತಾರೀಖು ಹಾಕೇ ಕೊಡ್ತೀನಿ,” ಎಂದರು ಮೇಡಂ. ಅವರ ಧ್ವನಿಯಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಗಿಳಿರಾಯ ನೀರು ಕುಡಿದ.

ಸೋಮವಾರ ಮ್ಯಾನೇಜರರ ಕೋಣೆಯಲ್ಲಿ ವಿಭಾಗದ ಮೇಸ್ತ್ರಿಗಳೆಲ್ಲ ಸೇರಿದ್ದರು. ಮೇಜಿನ ಮೇಲೆ ಬಿಡುಗಡೆ ಪತ್ರಗಳು ಅಚ್ಚಾಗಿ ಕೂತಿದ್ದವು, ಹೆಸರಿನ ಜಾಗ ಖಾಲಿ.

“ಪಟ್ಟಿ ತಂದಿದ್ದೀನಿ ಸಾರ್,” ಎಂದರು ಮೇಡಂ. “ಆದ್ರೆ ಮೊದ್ಲು ಅವರು ಏನಂದ್ರು ಅಂತ ಕೇಳಿ. ಕೇಳಿ ಯಾರು ಹೋಗ್ತಾರೆ, ಯಾರು ಇರ್ತಾರೆ ನೀವೇ ಹೇಳಿ. ನೀವು ಹೋಗ್ತಾರೆ ಅಂದವರ ಪತ್ರಕ್ಕೆಲ್ಲ ನಾನು ಎದುರು ಮಾತಿಲ್ಲದೆ ಸಹಿ ಹಾಕ್ತೀನಿ.”

ಗಿಳಿರಾಯ ಎದ್ದು ನಿಂತು ಶುರು ಮಾಡಿದ. ಅವನ ಗಂಟಲಿನಿಂದ ಕ್ಯಾಂಟೀನ್ ಅಡುಗೆಯವರು ಕೆಮ್ಮಿಕೊಂಡು ಬಂದರು. ಅಂಚು ಕತ್ತರಿಸುವ ವಿಭಾಗದ ಹಿರಿಯರು ಮೂಗಿನಲ್ಲಿ ಮಾತಾಡಿದರು. ಉಜ್ಜುವ ವಿಭಾಗದ ಅಕ್ಕ ಬಂದಾಗ ಕಿಟಕಿಯ ಗಾಜು ಅದುರಿತು: “ನನ್ನ ಯಂತ್ರಕ್ಕೆ ನೀವೇ ಹೂಮಾಲೆ ಹಾಕ್ಕೊಳ್ಳಿ!” ಮ್ಯಾನೇಜರರು ನಗು ತಡೆಯಲಾರದೆ, “ಇವರು ಹೋಗಲ್ಲ ಬಿಡಿ, ಇವರು ಹೋದ್ರೆ ಆ ಯಂತ್ರವೇ ಅಳುತ್ತೆ,” ಎಂದರು. ಒಬ್ಬೊಬ್ಬರನ್ನೂ ಅವರು ಧ್ವನಿಯಿಂದಲೇ ಗುರುತಿಸಿದರು; ಗುರುತಿಸಿದ ಕೂಡಲೇ ಆ ಮನುಷ್ಯ ಕಣ್ಣೆದುರಿಗೆ ಬಂದು, ಹೋಗುವವರ ಪಟ್ಟಿಯಿಂದ ತಾನಾಗಿಯೇ ಇಳಿದುಹೋಗುತ್ತಿದ್ದ. ಇಪ್ಪತ್ತಾರು ಮುಗಿದಾಗ ಆ ಪಟ್ಟಿಯಲ್ಲಿ ಇಬ್ಬರು ಉಳಿದಿದ್ದರು, ಆ ಇಬ್ಬರ ಬಗ್ಗೆಯೂ ಮ್ಯಾನೇಜರರು “ಮಾತಾಡಿ ನೋಡೋಣ” ಎಂದಿದ್ದರು.

ಆಗ ಗಿಳಿರಾಯ ಒಮ್ಮೆ ಮೇಡಂ ಅವರ ಮುಖ ನೋಡಿ, ಕತ್ತುಪಟ್ಟಿ ಸಡಿಲಿಸಿ, ಇಪ್ಪತ್ತೇಳನೆಯದನ್ನು ತೆಗೆದ. “ಸಾಕಾಗಿ ಹೋಗಿದೆ ನಂಗೆ! ಈ ಕಾರ್ಖಾನೆಗೆ ಒಂದು ದೊಡ್ಡ ನಮಸ್ಕಾರ. ನಾಳೇನೇ ಬರೆದು ಬಿಸಾಕಿ ಹೋಗ್ತೀನಿ ನೋಡ್ತಿರಿ. ಒಂದು ಲೋಟ ಬಿಸಿ ಟೀಗೂ ಗತಿ ಇಲ್ಲ ಇಲ್ಲಿ!”

ಮೇಸ್ತ್ರಿಗಳೆಲ್ಲ ಒಟ್ಟಿಗೆ ನೆಲ ನೋಡಿದರು. ಮ್ಯಾನೇಜರರು ಹುಬ್ಬು ಗಂಟಿಕ್ಕಿ ಯೋಚಿಸಿದರು. “ಇದು ಯಾರು? ಈ ಧ್ವನಿ ಗೊತ್ತಾಗ್ಲಿಲ್ಲ.”

“ಎಂಟು ತಿಂಗಳಲ್ಲಿ ಹದಿನಾಲ್ಕು ಸಲ ಹೇಳಿದ್ದಾರೆ ಸಾರ್,” ಎಂದರು ಮೇಡಂ, ನೋಟ್‌ಬುಕ್ ತಿರುವಿ.

“ಹದಿನಾಲ್ಕು! ಇವನನ್ನ ಮೊದ್ಲು ಕಳಿಸಿ ಮೇಡಂ. ಇವನು ಉಳಿಯೋ ಪೈಕಿ ಅಲ್ಲವೇ ಅಲ್ಲ.”

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಟೀ ತರುವ ಅಮ್ಮ ಒಳಗೆ ಬಂದರು, ಕೈಯಲ್ಲಿ ಹೊಗೆಯಾಡುವ ಲೋಟ. ಗಿಳಿರಾಯನನ್ನು ಕಣ್ಣೆತ್ತಿಯೂ ನೋಡದೆ ಸೀದಾ ಹೋಗಿ ಅದನ್ನು ಮ್ಯಾನೇಜರರ ಮುಂದಿಟ್ಟರು.

“ತಗೊಳ್ಳಿ ಸಾರ್, ಬಿಸಿ ಬಿಸಿ. ಓಣಿವರೆಗೂ ಕೇಳಿಸ್ತು ನಿಮ್ಮ ಕೂಗು. ಒಂದು ಲೋಟ ಟೀಗೆಲ್ಲ ಕೆಲಸ ಬಿಡ್ತೀನಿ ಅಂದ್ರೆ ಹೆಂಗೆ?”

ಮ್ಯಾನೇಜರರು ಲೋಟ ನೋಡಿದರು, ಗಿಳಿರಾಯನನ್ನು ನೋಡಿದರು, ಬಹಳ ಹೊತ್ತು ನೋಟ್‌ಬುಕ್ ನೋಡಿದರು. ಅವರು ನಗಲಿಲ್ಲ. “ಇದು ನಾನಾ?” ಎಂದು ಮೆಲ್ಲಗೆ ಕೇಳಿದರು.

“ನೀವೇ ಸಾರ್,” ಎಂದರು ಮೇಡಂ. “ಆದ್ರೆ ನೀವು ಹೋಗಲ್ಲ. ಹದಿನಾಲ್ಕು ಸಲ ಹೇಳೋಷ್ಟು ಈ ಜಾಗದ ಮೇಲೆ ಸಿಟ್ಟಿದೆ ಅಂದ್ರೆ ಅಷ್ಟು ಪ್ರೀತಿಯೂ ಇದೆ. ಹತ್ತೊಂಬತ್ತು ವರ್ಷದಲ್ಲಿ ಇನ್ನೂರ ಹನ್ನೆರಡು ಜನ ಬಿಡ್ತೀನಿ ಅಂದಿದ್ದಾರೆ. ಅವರಲ್ಲಿ ಹೋದೋರು ಇಪ್ಪತ್ಮೂರು. ಹೇಳದೇ ಹೋದೋರು ನಲವತ್ತೆಂಟು.”

ಮ್ಯಾನೇಜರರು ಟೀಯನ್ನು ಕೊನೆಯ ಗುಟುಕಿನವರೆಗೆ ಕುಡಿದು, ಅಚ್ಚಾದ ಪತ್ರಗಳನ್ನು ಅಡ್ಡಕ್ಕೆ ಹರಿದು ಬುಟ್ಟಿಗೆ ಹಾಕಿದರು. “ಹಾಗಾದ್ರೆ ಈಗ ಹೋಗೋರು ಯಾರು?” ಎಂದರು. ಮೇಡಂ ಅವರು ನೋಟ್‌ಬುಕ್ಕಿನ ಹಿಂದಿನ ರಟ್ಟಿನಿಂದ ಒಂದು ಚೀಟಿ ತೆಗೆದರು. ನಾಲ್ಕು ಹೆಸರು. ನಾಲ್ವರೂ ಒಮ್ಮೆಯೂ ಬಿಡ್ತೀನಿ ಅಂದವರಲ್ಲ. ನಾಲ್ವರ ಲೋಟವೂ ಕಪಾಟಿನಲ್ಲಿ ಇರಲಿಲ್ಲ.

ಮರುದಿನ ಮ್ಯಾನೇಜರರು ತಾವೇ ಆ ನಾಲ್ವರ ಮೇಜಿನ ಬಳಿ ಸ್ಟೂಲು ಎಳೆದುಕೊಂಡು ಕೂತರು. ಮೂವರು ಉಳಿದರು. ನಾಲ್ಕನೆಯವಳು ಅದಾಗಲೇ ಬೇರೆಡೆ ಮಾತು ಕೊಟ್ಟಿದ್ದಳು. ಅವಳನ್ನು ಒಳ್ಳೆಯ ಪ್ರಮಾಣಪತ್ರ ಕೊಟ್ಟು ಬಾಗಿಲವರೆಗೆ ಬಂದು ಕಳಿಸಿಕೊಟ್ಟರು, ಮತ್ತು ಎರಡು ವರ್ಷದ ಮೇಲೆ ಅವಳು ತನ್ನ ತಂಗಿಯನ್ನು ಇಲ್ಲಿಗೇ ಕೆಲಸಕ್ಕೆ ಕಳಿಸಿದಳು. ಉಜ್ಜುವ ವಿಭಾಗದ ಅಕ್ಕನ ಮಕ್ಕಳು ಓದು ಮುಗಿಸಿದ್ದಾರೆ. ಅಕ್ಕ ಇಂದು ಬೆಳಿಗ್ಗೆಯೂ ನಾಳೆಯಿಂದ ಬರುವುದಿಲ್ಲ ಎಂದಿದ್ದಾರೆ. ಮ್ಯಾನೇಜರರು ಹದಿನೈದನೆಯ ಸಲ ಹೇಳಿದ್ದು ಕಳೆದ ಮಂಗಳವಾರ.

ಇಂಥವರಿಗೆ ಏನು ಹಾರೈಸುವುದು? ಆರೋಗ್ಯ ಅವರ ಮಾತು ಕೇಳಲಿ, ಮುಂದಿನ ವರ್ಷಗಳು ಅವರ ಸ್ಟೂಲಿನಂತೆ ಬಂದವರಿಗೆಲ್ಲ ಜಾಗ ಕೊಡುವಷ್ಟು ಉದ್ದವಾಗಿರಲಿ, ನೀಲಿ ನೋಟ್‌ಬುಕ್ ಒಂದು ಪುಸ್ತಕವಾಗಿ ಬೇರೆ ಕಾರ್ಖಾನೆಗಳ ಮೇಜಿಗೂ ತಲುಪಲಿ. ಅದನ್ನು ಬರೆಯುವ ಕೆಲಸ ಈಗಾಗಲೇ ಶುರುವಾಗಿದೆ ಎಂದು ತಿಳಿದು ನಮಗೆಲ್ಲ ಸಂತೋಷವಾಗಿದೆ.

ಆದರೆ ಒಂದು ವಿಷಯ ದಾಖಲಾಗಲೇಬೇಕು. ಎರಡು ವಾರದ ಹಿಂದೆ ಮೇಡಂ ಅವರು ಫ್ಯಾನಿನ ಬಗ್ಗೆ ದೂರುವುದನ್ನು ನಿಲ್ಲಿಸಿದರು. ಕಳೆದ ಸೋಮವಾರ ಅವರ ಲೋಟ ಕಪಾಟಿನಿಂದ ಮಾಯವಾಯಿತು. ಅವರೇ ಕಲಿಸಿದ ಲಕ್ಷಣಗಳಿವು, ಕಲಿತವರು ಸುಮ್ಮನಿರಲಿಲ್ಲ. ಬುಧವಾರ ಮಧ್ಯಾಹ್ನ ಅವರು ತಮ್ಮ ಕೋಣೆಗೆ ಬಂದಾಗ ಅವರ ಕುರ್ಚಿಯಲ್ಲಿ ಗಿಳಿರಾಯ ಕೂತಿದ್ದ. ಕೂದಲು ನೆರೆತಿದೆ, ಗಂಟಲು ಹಾಗೇ ಇದೆ. ಹಿಂದೆ ಮ್ಯಾನೇಜರರು, ಅಕ್ಕ, ಟೀ ಅಮ್ಮ ಗೋಡೆಗೆ ಒರಗಿ ನಿಂತಿದ್ದರು. ಗಿಳಿರಾಯ ಅವರನ್ನು ಸ್ಟೂಲಿನ ಮೇಲೆ ಕೂರಿಸಿದ. ಒಂದು ಲೋಟ ನೀರು ಕೊಟ್ಟ. ಅವರ ಕೈಯಲ್ಲಿದ್ದ ನಿವೃತ್ತಿ ಆದೇಶವನ್ನು ಎರಡು ಕೈಯಲ್ಲಿ ತೆಗೆದುಕೊಂಡು, ಅವರದೇ ಧ್ವನಿಯಲ್ಲಿ, ಅವರದೇ ನಿಧಾನದಲ್ಲಿ ಕೇಳಿದ:

“ಈ ಪತ್ರ ಯಾರ ಬಗ್ಗೆ?”

ಮೇಡಂ ಅವರು ಬಾಯಿ ತೆರೆಯುವ ಮುನ್ನವೇ ಅವನು ಆದೇಶದ ತಾರೀಖಿನ ಮೇಲೆ ಒಂದು ಬಿಳಿ ಚೀಟಿ ಅಂಟಿಸಿ, ಕೆಳಗಿನ ಡ್ರಾಯರಿಗೆ ಹಾಕಿ, ಬೀಗ ತಿರುವಿ, ಬೀಗದ ಕೈಯನ್ನು ಮ್ಯಾನೇಜರರಿಗೆ ಕೊಟ್ಟ.

“ತಾರೀಖು ಖಾಲಿ ಇರಲಿ. ನಾಳೆ ಊಟ ಆದ್ಮೇಲೆ ಬನ್ನಿ. ಆಗಲೂ ಬೇಕು ಅನ್ನಿಸಿದ್ರೆ ಇಬ್ಬರೂ ಸೇರಿ ಹಾಕೋಣ.”

ಮ್ಯಾನೇಜರರು ನಕ್ಕರು, ಟೀ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಅಕ್ಕನ ನಗು ಉಜ್ಜುವ ವಿಭಾಗಕ್ಕೂ ಕೇಳಿಸಿತು. ಆದರೆ ಸ್ಟೂಲಿನ ಮೇಲಿಂದ ಎದ್ದ ನಗು ಅವರೆಲ್ಲರ ನಗುವನ್ನೂ ಮುಚ್ಚಿ, ಕ್ಯಾಂಟೀನಿನ ಫ್ಯಾನಿನ ಕಿರುಗುಟ್ಟುವಿಕೆಯನ್ನೂ ಮುಚ್ಚಿ, ಗೇಟಿನವರೆಗೆ ಹೋಯಿತು.